ತವರಿನಿಂದ ಬಂದ ಕಾವಲಿ

ಎರಡು ವರ್ಷಕ್ಕೇ ಮೈ ಸುಲಿದುಕೊಳ್ಳುವ ಈಗಿನ ದೋಸೆ ಕಾವಲಿಗಳನ್ನು ಕಂಡರೆ ನನಗೆ ನಗು ಬರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ಕಡೆಯಿಂದ ಸೊರಬದ ಹತ್ತಿರದ ಜಡೆ ಎಂಬ ಊರಿಗೆ ಸೊಸೆಯಾಗಿ ಬಂದಾಗ, ಅವ್ವ ತಾನು ವರ್ಷಗಟ್ಟಲೆ ಪಳಗಿಸಿದ ಬೀಡು ಕಬ್ಬಿಣದ ಕಾವಲಿಯನ್ನೇ ನನ್ನ ಜೊತೆ ಕಳಿಸಿದ್ದಳು. ಎತ್ತಿದರೆ ರಟ್ಟೆ ನೋಯಬೇಕು, ಅಂಥ ತೂಕ.

ಅತ್ತೆ ಮೊದಲ ದಿನವೇ ಅದಕ್ಕೆ ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಬಿಟ್ಟರು. ಎಣ್ಣೆ ಕುಡಿದು ಬಂದ ಕಪ್ಪು ಹೋದಮೇಲೆ ದೋಸೆ ಏಳುತ್ತದೆಯೇ? ಹೊಯ್ದದ್ದೆಲ್ಲ ಕಚ್ಚಿಕೊಂಡಿತು. "ಇದು ನಮ್ಮನೆಗೆ ಒಗ್ಗಲ್ಲ. ನಿನ್ನ ಅಣ್ಣ ಬಂದಾಗ ವಾಪಸ್ ಕಳ್ಸು" ಎಂದು ಮೂಲೆಗೆ ಒರಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ತವರಿನವರು ಕೊಟ್ಟದ್ದು ಕೆಲಸಕ್ಕೆ ಬಾರದ್ದು ಅಂತ ಅಣ್ಣನ ಕೈಯಲ್ಲೇ ಹೊರಿಸಿ ಕಳಿಸಿದ ಹಾಗಲ್ಲವೇ ಅದು?

ಮರುದಿನದಿಂದಲೇ ಹಟ ಹಿಡಿದೆ. ಮಧ್ಯಾಹ್ನ ಅತ್ತೆ ಅಡ್ಡಾದಾಗ ಕಾವಲಿಯನ್ನು ಬಚ್ಚಲ ಒಲೆಯ ಮೇಲಿಟ್ಟು, ಬದನೆಕಾಯಿ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಸವರುತ್ತಿದ್ದೆ. ಮಳೆಗಾಲ ಕಳೆಯುವುದರೊಳಗೆ ಅದು ಮತ್ತೆ ಕಪ್ಪಾಗಿ ಮಿರುಗತೊಡಗಿತು. ಹಿಟ್ಟು ಹೊಯ್ದು ನೋಡಲು ಮಾತ್ರ ಅವಕಾಶ ಸಿಕ್ಕಿರಲಿಲ್ಲ.

ಅಣ್ಣ ಬಂದ ದಿನ ನಾನು ಹೊರಗಾಗಿದ್ದೆ. ಆ ಕಾಲದ ಕಟ್ಟಳೆ, ಮೂರು ದಿನ ಅಡುಗೆಮನೆಗೆ ಕಾಲಿಡುವಂತಿಲ್ಲ. ಹಿತ್ತಿಲ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಅತ್ತೆ ಬೀಗರು ಬಂದ ಗಡಿಬಿಡಿಯಲ್ಲಿ ತಮ್ಮ ಕಾವಲಿಯನ್ನು ಅತಿಯಾಗಿ ಕಾಯಿಸಿ, ಆರಲೆಂದು ತಣ್ಣೀರು ಸುರಿದರು. ಟಣ್ ಎಂದಿತು. ಅದೂ ಬೀಡೇ, ಅಂಚಿನಿಂದ ನಡುವಿನ ತನಕ ಸೀಳಿತು. ಇನ್ನು ಗತಿ ಯಾವುದು? ನನ್ನದೇ.

ಅದು ಒಲೆ ಏರಿದ ಸದ್ದು ಕೇಳಿ ಕಿವಿಗೊಟ್ಟು ಕೂತೆ. ಅತ್ತೆ ಆಗಲೇ ಸೌಟನ್ನು ಹಿಟ್ಟಿಗೆ ಇಳಿಸಿದ್ದು ಕೇಳಿಸಿತು. ಅಷ್ಟು ದಪ್ಪದ ಕಾವಲಿ ಇಷ್ಟು ಬೇಗ ಕಾಯುತ್ತದೆಯೇ? ಅದುವರೆಗೆ ಅವರೆದುರು ದನಿ ಎತ್ತದಿದ್ದ ನಾನು ಕೂತಲ್ಲಿಂದಲೇ ಕೂಗಿದೆ. "ಅತ್ತೇ, ಇನ್ನೂ ಕಾದಿಲ್ಲ. ನೀರು ಚಿಮುಕ್ಸಿ ನೋಡ್ರಿ."

ಒಳಗೆ ಸೌಟು ನಿಂತಿತು. ಸೊಸೆ ಹೊರಗೆ ಕೂತು ಅತ್ತೆಗೆ ಅಡುಗೆ ಹೇಳಿಕೊಡುವುದೇ? ನನ್ನ ಕಥೆ ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ನೀರಿನ ಹನಿ ಚಟಪಟ ಎಂದಿತು. ಆಮೇಲೆ ಹಿಟ್ಟು ಬಿದ್ದು ಚುಂಯ್ ಎಂದಿತು. ಸಟ್ಟುಗ ಆಡಿತು, ಕೆರೆಯುವ ಸದ್ದೇ ಇಲ್ಲ. ದೋಸೆ ಸಲೀಸಾಗಿ ಎದ್ದುಬಂದಿತ್ತು. ಕೂತಲ್ಲೇ ಬೀಗಿದೆ, ಸುಳ್ಳೇಕೆ ಹೇಳಲಿ.

ಅಣ್ಣ ಬೇಡ ಬೇಡ ಎನ್ನುತ್ತಲೇ ಹೊಟ್ಟೆ ಬಿರಿಯ ತಿಂದ. ಕಾವಲಿಯನ್ನು ವಾಪಸ್ ಒಯ್ಯಬೇಕೆಂಬ ಮಾತು ಅವನ ಕಿವಿಗೂ ಬಿದ್ದಿತ್ತು. ಹೊರಡುವಾಗ ಹಿತ್ತಿಲಿಗೆ ಬಂದು ನನಗೆ ಹೋಗಿಬರುತ್ತೇನೆಂದು ಹೇಳಿ, ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ತಲೆ ತಗ್ಗಿಸಿಯೇ ಕೇಳಿದ, ಆ ಕಾವಲಿ ಕೊಟ್ಟರೆ ಒಯ್ಯುತ್ತೇನೆ ಎಂದು.

ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ. "ಯಾವ ಕಾವಲಿ? ನಮ್ಮನೆ ಕಾವಲಿ ನಿಮಗ್ಯಾಕೆ ಕೊಡ್ಲಿ?" ಎಂದರು.