ವಾಶರಣ್ಣನ ಮನೆಯ ಮೀನಿನ ತೊಟ್ಟಿ

ವಾಶರಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟಿದ್ದು. ಯಾರ ಮನೆಯ ನಲ್ಲಿ ಸೋರಲಿ, ಫ್ಲಶ್ ಕೈಕೊಡಲಿ, ಬಚ್ಚಲಲ್ಲಿ ನೀರು ಕಟ್ಟಿಕೊಳ್ಳಲಿ, ಬಂದವನು ಮೊದಲು ಹೇಳುವುದು ಒಂದೇ ಮಾತು: "ಏನಿಲ್ಲ, ಒಂದು ವಾಶರ್ ಹಾಕಿದ್ರೆ ಆಯ್ತು." ಬಚ್ಚಲು ಕಟ್ಟಿಕೊಂಡಿದ್ದಕ್ಕೂ ವಾಶರಿಗೂ ಏನಪ್ಪಾ ಸಂಬಂಧ ಎಂದು ಯಾರಾದರೂ ಕೇಳಿದರೆ ಅವರ ಮುಖವನ್ನೊಮ್ಮೆ ನೋಡಿ, ಚೀಲದಿಂದ ಸ್ಪ್ಯಾನರ್ ತೆಗೆದು, ಸುಮ್ಮನೆ ಕೆಲಸಕ್ಕೆ ಕೂರುತ್ತಿದ್ದ. ಕೆಲಸ ಮಾತ್ರ ಅಚ್ಚುಕಟ್ಟು. ಅವನು ಕೂರಿಸಿದ ಜಾಯಿಂಟು ಸೋರಿತು ಎಂದು ದೂರಿದವರನ್ನು ನಾನಂತೂ ಕಂಡಿಲ್ಲ.

ಅವನ ತಲೆಯೊಳಗಿನ ಲೋಕ ಬಹಳ ಸರಳವಾಗಿತ್ತು. ನೀರು ಮೇಲಿನಿಂದ ಬರುತ್ತದೆ, ಬೇಕಾದಷ್ಟು ಹೊತ್ತು ಮನೆಯಲ್ಲಿರುತ್ತದೆ, ಆಮೇಲೆ ಕೆಳಗೆ ಹೋಗುತ್ತದೆ. ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದು ಪ್ಲಂಬರನ ಕೆಲಸವಲ್ಲ. ಇಷ್ಟು ತಿಳಿದುಕೊಂಡು ಅವನು ಅರ್ಧ ಆಯಸ್ಸನ್ನು ನೆಮ್ಮದಿಯಾಗಿ ಕಳೆದಿದ್ದ.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಗೂಡ್ಸ್ ವ್ಯಾನೊಂದು ಮನೆ ಮುಂದೆ ಬಂದು ನಿಂತ ದಿನ. ಅದರಿಂದ ಇಳಿದದ್ದು ಆಳುದ್ದದ ಗಾಜಿನ ತೊಟ್ಟಿ, ಅದನ್ನು ಕೂರಿಸುವ ಮರದ ಪೀಠ, ಪೀಠದೊಳಗೆ ಇಡುವ ಇನ್ನೊಂದು ಸಣ್ಣ ತೊಟ್ಟಿ, ಒಂದು ಪಂಪು, ಗಬ್ಬು ನಾರುವ ಸ್ಪಂಜು, ಸಣ್ಣ ಕಲ್ಲು ತುಂಬಿದ ಬಕೆಟ್ಟು. ಕೊನೆಗೆ, ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ ಒಂದು ಮೀನು. ವ್ಯಾನು ಓಡಿಸಿಕೊಂಡು ಬಂದವನು ಹೆಂಡತಿಯ ತಮ್ಮ.

"ಏನೋ ಇದು?"

"ಅಕ್ಕನ್ನ ಕೇಳಿ ಭಾವ. ನಾನು ಬರೀ ಹೊರೋನು."

ಅಕ್ಕ, ಅಂದರೆ ಇವನ ಹೆಂಡತಿ, ದೊಡ್ಡ ಹೋಟೆಲೊಂದರ ಮುಂದಿನ ಹಾಲಿನಲ್ಲಿ ನೆಲ ಒರೆಸುವ, ಅಲ್ಲಿದ್ದ ಮೀನಿನ ತೊಟ್ಟಿಯ ಗಾಜು ತಿಕ್ಕುವ ಕೆಲಸಕ್ಕಿದ್ದಳು. ಹೋಟೆಲು ಮುಚ್ಚಿ, ಕಟ್ಟಡ ಕೆಡವುವವರು ಬಂದರು. ಅಲ್ಲಿದ್ದ ಆಳುಗಳು ಕುರ್ಚಿ ಕೇಳಿದರು, ಕನ್ನಡಿ ಕೇಳಿದರು, ಹಾಸಿಗೆ ಕೇಳಿದರು. ಇವಳು ಕೇಳಿದ್ದು ಮೀನು.

"ಮೀನು ಯಾಕೆ?" ಎಂದ ವಾಶರಣ್ಣ.

"ಬೇಕು."

"ತಿನ್ನೋಕಾ?"

ಅವಳು ನೋಡಿದ ನೋಟಕ್ಕೆ ಅವನು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟ. "ಬೇಕು ಅಂದ್ರೆ ಬೇಕು ಕಣ್ರೀ. ಮದುವೆ ಆದಾಗಿಂದ ನಿಮ್ಮ ಹತ್ರ ಏನಾದ್ರೂ ಬೇಕು ಅಂತ ಕೇಳಿದೀನಾ?" ಎಂದಳು. ಅವನು ನೆನಪಿಸಿಕೊಳ್ಳಲು ನೋಡಿದ. ಕೇಳಿರಲಿಲ್ಲ. ಸಮಾಧಾನ ಆಗಬೇಕಾದ ಆ ಸಂಗತಿಯಿಂದ ಅವನಿಗೆ ಯಾಕೋ ದಿಗಿಲಾಯಿತು.

"ಡ್ರಮ್ಮಲ್ಲಿ ಜಾಸ್ತಿ ದಿನ ತಡೆಯಲ್ವಂತೆ ಭಾವ," ಎಂದು ಭಾಮೈದ ವ್ಯಾನಿನ ಬಾಗಿಲು ಹಾಕುತ್ತ ಹೇಳಿದ. "ಅದರ ಕೊಳೆಯೇ ಅದಕ್ಕೆ ವಿಷ ಆಗುತ್ತಂತೆ. ಬೇಗ ತೊಟ್ಟಿ ಜೋಡಿಸಿ. ಮನೇಲೇ ಪ್ಲಂಬರ್ ಇದಾರಲ್ಲ, ಯೋಚನೆ ಏನು ಅಂತ ಹೋಟೆಲಲ್ಲಿ ನಾನೇ ಹೇಳಿ ಬಂದಿದೀನಿ."

ಡ್ರಮ್ಮು ಬಚ್ಚಲಿಗೆ ಹೋಯಿತು. ಎರಡು ಅಂಗೈ ಅಗಲದ ಕಪ್ಪು ಮೀನು, ಮೈಮೇಲೆ ಕಿತ್ತಳೆ ಬಣ್ಣದ ಕಲೆ, ಕೆಳದುಟಿ ಮುಂದಕ್ಕೆ ಚಾಚಿಕೊಂಡು ಸದಾ ಮುನಿಸಿಕೊಂಡವರ ಹಾಗಿತ್ತು. ವಾಶರಣ್ಣ ಸ್ನಾನಕ್ಕೆ ಕೂತರೆ ಅದು ನೀರಿನ ಮೇಲಕ್ಕೆ ಬಂದು ಒಂದು ಕಣ್ಣಲ್ಲಿ ಅವನನ್ನೇ ನೋಡುತ್ತಿತ್ತು. ಅವನು ಗೋಡೆಗೆ ಮುಖ ಮಾಡಿ ಸೋಪು ಹಚ್ಚಿಕೊಳ್ಳತೊಡಗಿದ. ಎರಡನೆಯ ದಿನಕ್ಕೆ ಅದು ಮೇಲೆ ಬರುವುದು ಹೆಚ್ಚಾಯಿತು, ಬಾಯಿ ತೆರೆದು ಗುಟುಕು ಗುಟುಕಾಗಿ ಉಸಿರು ಎಳೆಯತೊಡಗಿತು. ಹೆಂಡತಿ ಹಿಂದಿನ ದಿನವೇ ಹಿಡಿದಿಟ್ಟ ನೀರನ್ನು ಬಕೆಟ್ಟಿನಲ್ಲಿ ಬದಲಾಯಿಸುತ್ತಿದ್ದಳು.

ತೊಟ್ಟಿಯ ಪೈಪುಗಳನ್ನೆಲ್ಲ ಹೋಟೆಲಿನಲ್ಲಿ ಕಳಚಿದವರು ಗರಗಸ ಹಾಕಿ ಕತ್ತರಿಸಿ ಬಿಸಾಕಿದ್ದರು. ಹಾಗಾಗಿ ಮೊದಲು ಹೇಗಿತ್ತು ಎಂದು ನೋಡಿ ಮಾಡುವಂತಿರಲಿಲ್ಲ. ಉಳಿದದ್ದು ಖಾಲಿ ಗಾಜು. ವಾಶರಣ್ಣ ಅದರ ಮುಂದೆ ಮಣೆ ಹಾಕಿಕೊಂಡು ಕೂತ. ಮೂಲೆಯಲ್ಲಿ ಗಾಜಿನದೇ ಒಂದು ನೀಳ ಪೆಟ್ಟಿಗೆ, ಅದರ ಮೇಲಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳು ಸೀಳು. ಪೆಟ್ಟಿಗೆಯ ತಳದಲ್ಲಿ ಎರಡು ತೂತು. ನೀರು ನಿಲ್ಲಿಸುವ ಪಾತ್ರೆಯ ತಳಕ್ಕೆ ಬೇಕೆಂದೇ ತೂತು ಕೊರೆದ ಮಹಾನುಭಾವ ಯಾರಿರಬಹುದು ಎಂದು ಅವನು ಬಹಳ ಹೊತ್ತು ಯೋಚಿಸಿದ.

ಹೆಂಡತಿ ತನಗೆ ಗೊತ್ತಿದ್ದಷ್ಟು ಹೇಳಿದಳು. ನೀರು ಹಲ್ಲಿನ ಮೇಲಿಂದ ಪೆಟ್ಟಿಗೆಗೆ ಬೀಳುತ್ತದೆ. ಒಂದು ತೂತಿನಿಂದ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಸ್ಪಂಜು ದಾಟಿ, ಕಲ್ಲು ದಾಟಿ, ಆ ತೊಟ್ಟಿಯ ಕೊನೆಯ ಖಾನೆಗೆ ಬರುತ್ತದೆ. ಅಲ್ಲಿಂದ ಪಂಪು ಅದನ್ನು ಇನ್ನೊಂದು ತೂತಿನ ಪೈಪಿನಲ್ಲಿ ಮತ್ತೆ ಮೇಲಕ್ಕೆ ಕಳಿಸುತ್ತದೆ.

"ಅದೇ ನೀರನ್ನಾ?"

"ಅದೇ ನೀರನ್ನ."

"ಕೊಳೆ ನೀರನ್ನಾ?"

"ಸ್ಪಂಜಲ್ಲಿ ಚೊಕ್ಕ ಆಗುತ್ತಲ್ಲ."

"ಆ ಸ್ಪಂಜೇ ನಾರ್ತಾ ಇದೆ. ತೊಳೆದುಕೊಡ್ತೀನಿ ತಾ."

"ಮುಟ್ಟಬೇಡಿ! ಅದರಲ್ಲಿರೋ ಜೀವವೇ ನೀರು ಚೊಕ್ಕ ಮಾಡೋದಂತೆ. ತೊಳೆದ್ರೆ ಎಲ್ಲ ಹೋಯ್ತು."

ಕೊಳೆ ಸ್ಪಂಜು ಕೊಳೆ ನೀರನ್ನು ಚೊಕ್ಕ ಮಾಡುತ್ತದೆ. ಇಳಿದ ನೀರು ಏರುತ್ತದೆ, ಏರಿದ್ದು ಇಳಿಯುತ್ತದೆ, ಯಾವುದೂ ಮನೆ ಬಿಟ್ಟು ಹೋಗುವುದಿಲ್ಲ. ವಾಶರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಬೇರೆಯವರನ್ನು ಕೇಳಬಹುದಿತ್ತು. ಆದರೆ ಬೀದಿಗೆಲ್ಲ ಕೊಳಾಯಿ ಹಾಕಿದವನು ತನ್ನ ಮನೆಯ ಗಾಜಿನ ಡಬ್ಬಕ್ಕೆ ಪೈಪು ಹೇಗೆ ಹಾಕುವುದು ಎಂದು ಕೇಳಲು ಹೋಗುವುದುಂಟೇ? ಈ ಹಾಳು ಜಂಬ ಇಲ್ಲದಿದ್ದರೆ ಅವನು ಇನ್ನೂ ಒಳ್ಳೆಯ ಮನುಷ್ಯನಾಗಿರುತ್ತಿದ್ದ.

ಗೊತ್ತಿಲ್ಲದ ಕಡೆ ಅವನು ಗೊತ್ತಿದ್ದ ಕೆಲಸವನ್ನೇ ಮಾಡಿದ. ಮನೆಗಳಲ್ಲಿ ಟ್ಯಾಂಕಿಗೆ ನೀರು ಬೀಳುವ ಪೈಪನ್ನು ಅವನು ಯಾವತ್ತೂ ತಳದವರೆಗೆ ಇಳಿಸುತ್ತಿದ್ದ, ಇಲ್ಲದಿದ್ದರೆ ದಬದಬ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಮನೆಯವರು ಬೈಯುತ್ತಾರೆ. ಇಲ್ಲೂ ಪಂಪಿನಿಂದ ಮೇಲೆ ಬಂದ ಪೈಪಿಗೆ ಬಾಗಿದ ಎಲ್ಬೋ ತುಂಡು ಕೂರಿಸಿ, ಅಂಚು ದಾಟಿಸಿ, ಮೀನಿನ ತೊಟ್ಟಿಯ ತಳ ಮುಟ್ಟುವಷ್ಟು ಇಳಿಸಿದ. ಇನ್ನು ಕೆಳಗಿನ ತೊಟ್ಟಿ. ಮನೆಗಳಲ್ಲಿ ಕೆಳಗಿನ ತೊಟ್ಟಿ ಅರ್ಧ ಖಾಲಿ ಇದ್ದರೆ ಕೆಲಸ ಅರ್ಧ ಆಗಿದೆ ಎಂದೇ ಲೆಕ್ಕ. ಅವನು ಅದನ್ನು ಕಂಠಮಟ್ಟ ತುಂಬಿಸಿದ.

ಸ್ವಿಚ್ಚು ಹಾಕಿದ. ಪಂಪು ಗುಂಯ್ ಎಂದಿತು. ನೀರು ಏರಿತು, ಹಲ್ಲಿನ ಮೇಲಿಂದ ಸಣ್ಣ ಜಾಲರಿಯಾಗಿ ಇಳಿಯಿತು, ಸ್ಪಂಜು ಹೊಕ್ಕಿತು, ಕಲ್ಲಿನ ನಡುವೆ ನುಸುಳಿ ಮತ್ತೆ ಏರಿತು. ಒಂದು ಜಾಯಿಂಟೂ ಬೆವರಲಿಲ್ಲ. ಸದ್ದೇ ಇಲ್ಲ. ಹೆಂಡತಿ ಮೀನನ್ನು ಒದ್ದೆ ಟವಲಿನಲ್ಲಿ ಎತ್ತಿ ತಂದು ಬಿಟ್ಟಳು. ಅದು ಮೊದಲು ಮೂಲೆ ಹಿಡಿದು, ಆಮೇಲೆ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ಈಜಿತು. ಅವಳ ಮುಖ ಅರಳಿತು. ವಾಶರಣ್ಣ ಟೀ ಕೇಳಿದ. ಇದೆಲ್ಲ ಹೇಗೆ ನಡೆಯುತ್ತಿದೆ ಎಂದು ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳಲು ಅವನೇನು ದಡ್ಡನೇ?

ಲೋಟ ಕೆಳಗಿಡುವಷ್ಟರಲ್ಲಿ ಕರೆಂಟು ಹೋಯಿತು.

ಪಂಪು ನಿಂತಿತು. ನೀರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪೀಠದ ಬಾಗಿಲಿನ ಸಂದಿಯಿಂದ ನೀರು ನೆಲಕ್ಕೆ ಇಳಿದು, ಚಾಪೆಯನ್ನು ನೆನೆಸಿ, ಒಳಮನೆಯ ಕಡೆ ಹೊರಟಿತು.

ನೆಲದ ಮೇಲೆ ನೀರು ಕಂಡರೆ ಪ್ಲಂಬರನಿಗೆ ಹೊಳೆಯುವುದು ಒಂದೇ, ಎಲ್ಲೋ ಸೋರುತ್ತಿದೆ. ವಾಶರಣ್ಣ ಬೋರಲಾಗಿ ಬಿದ್ದು ಪೀಠದೊಳಗೆ ತಲೆ ತೂರಿಸಿದ. ಜಾಯಿಂಟು ಜಾಯಿಂಟು ಸವರಿದ. ಒಣಗಿತ್ತು. ಆದರೂ ಟೇಪು ಸುತ್ತಿದ. ನೀರು ಕೆಳಗಿನ ತೊಟ್ಟಿಯ ಅಂಚಿನ ಮೇಲಿಂದಲೇ ಉಕ್ಕಿ ಬರುತ್ತಿತ್ತು. ಎಲ್ಲಿಂದ? ಪಂಪು ನಿಂತ ಮೇಲೆ ಯಾರು ಕಳಿಸುತ್ತಿದ್ದಾರೆ? ಅವನು ಇನ್ನೊಂದು ಸುತ್ತು ಟೇಪು ಸುತ್ತಿದ.

"ರೀ, ನೀರು ಇಳೀತಾ ಇದೆ! ಮೀನಿನ ಬೆನ್ನು ಕಾಣ್ತಾ ಇದೆ!"

ಅವಳು ಸ್ಟೂಲಿನ ಮೇಲೆ ನಿಂತು ಬಕೆಟ್ಟುಗಟ್ಟಲೆ ನೀರು ಮೇಲೆ ಸುರಿಯುತ್ತಿದ್ದಳು. ಅವಳು ಸುರಿದದ್ದೆಲ್ಲ ಕ್ಷಣದಲ್ಲಿ ಇವನ ಕುತ್ತಿಗೆಯ ಮೇಲೆ ಬರುತ್ತಿತ್ತು. "ಸುರೀಬೇಡ ಕಣೆ!" ಎಂದು ಇವನು, "ಸುರೀದೆ ಇದ್ರೆ ಸಾಯುತ್ತೆ!" ಎಂದು ಅವಳು. ಮೀನು ನಾಲ್ಕು ಬೆರಳಷ್ಟು ನೀರಿನಲ್ಲಿ ಒಂದು ಮಗ್ಗುಲಿಗೆ ವಾಲಿ ಬಾಲ ಬಡಿಯಿತು. ಅವಳ ದನಿ ಒಡೆಯಿತು. ಆ ದನಿಯನ್ನು ವಾಶರಣ್ಣ ಈ ಮನೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ.

"ಹಲ್ಲಿನ ಮೇಲೆ ಒಂದು ಹನಿ ನೀರಿಲ್ಲ ಕಣ್ರೀ, ಆಗಲೇ ಒಣಗಿದೆ!" ಎಂದು ಅವಳು ಕೂಗಿದಳು. "ಹೋಟೆಲಲ್ಲಿ ಕರೆಂಟ್ ಹೋದ್ರೆ ಬೆರಳಷ್ಟು ಇಳಿದು ನಿಂತುಬಿಡ್ತಿತ್ತು. ಇದು ಎಲ್ಲಿಂದ ಹೋಗ್ತಾ ಇದೆ?"

ಅವನು ಎದ್ದು ಬಂದು ಮೇಲಿನ ತೊಟ್ಟಿಗೆ ಕೈ ಹಾಕಿದ. ತಳಕ್ಕೆ ತಾನೇ ಇಳಿಸಿದ ಪೈಪಿನ ಬಾಯಿಗೆ ಅಂಗೈ ತಾಗಿತು. ಪೈಪು ಅಂಗೈಯನ್ನು ಚಪ್ ಎಂದು ಹಿಡಿದು ಎಳೆಯಿತು.

ಟ್ಯಾಂಕು ಖಾಲಿ ಮಾಡಲು ರಬ್ಬರ್ ಪೈಪು ಇಳಿಬಿಟ್ಟು, ಬಾಯಲ್ಲಿ ಎಳೆದು ನೀರು ಇಳಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಒಮ್ಮೆ ಇಳಿಯಲು ಹಿಡಿದರೆ ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದಿಲ್ಲ. ಮೇಲೆ ಕಳಿಸುವ ಪೈಪೇ ಪಂಪು ನಿಂತ ಕೂಡಲೇ ಕೆಳಗೆ ಎಳೆಯುವ ಪೈಪಾಗಿತ್ತು. ಸದ್ದಾಗಬಾರದೆಂದು ಅದರ ಬಾಯನ್ನು ತಳಕ್ಕೆ ಇಳಿಸಿದವನು ಅವನೇ. ಬಂದದ್ದು ತುಂಬಿಕೊಳ್ಳಲು ಕೆಳಗೆ ಜಾಗವಿಲ್ಲದಂತೆ ತುಂಬಿಸಿದವನೂ ಅವನೇ.

ಗರಗಸ ಹುಡುಕಲು ಪುರುಸೊತ್ತಿರಲಿಲ್ಲ. ಎರಡೂ ಕೈಯಲ್ಲಿ ಪೈಪನ್ನು ಹಿಡಿದು ಎಲ್ಬೋ ಹತ್ತಿರ ಮುರಿದ. ಅವನು ಕೂರಿಸಿದ ಜಾಯಿಂಟು ಸುಲಭಕ್ಕೆ ಬರುವಂಥದ್ದಲ್ಲ, ಅಂಗೈ ಸೀಳಿತು. ಪೈಪು ಗೊರಕೆ ಹೊಡೆದ ಹಾಗೆ ಗಾಳಿ ಎಳೆದುಕೊಂಡಿತು. ನೀರು ನಿಂತಿತು.

ಆಮೇಲೆ ಇಬ್ಬರೂ ಸೇರಿ ಮೇಲಕ್ಕೆ ನೀರು ಸುರಿದರು. ಈಗ ಸುರಿದದ್ದು ಮೇಲೇ ಉಳಿಯಿತು. ಮೀನು ನೆಟ್ಟಗಾಯಿತು, ಆದರೆ ತಳದಲ್ಲಿ ಅಲುಗದೆ ಕೂತಿತು. ವಾಶರಣ್ಣ ಕೆಳಗಿನ ತೊಟ್ಟಿಯ ನೀರನ್ನು ಮೊಗೆದು ಅರ್ಧಕ್ಕೆ ತಂದ. ಪೈಪನ್ನು ಬೆರಳುದ್ದ ಮಾತ್ರ ಮುಳುಗುವಂತೆ ಕತ್ತರಿಸಿ ಕೂರಿಸಿದ. ಕರೆಂಟು ಬಂದ ಮೇಲೆ ಅವನೇ ಸ್ವಿಚ್ಚು ಆರಿಸಿ, ಹಾಕಿ, ಮತ್ತೆ ಆರಿಸಿ ನೋಡಿದ. ನೀರು ಬೆರಳಷ್ಟು ಇಳಿದು ನಿಲ್ಲುತ್ತಿತ್ತು. ನೆಲ ಒಣಗಿಯೇ ಇತ್ತು.

ಹೆಂಡತಿ ನೆಲ ಒರೆಸಿ, ಬಟ್ಟೆ ಹಿಂಡಿ, ಗಾಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಮೀನು ತಳ ಬಿಟ್ಟು ಎದ್ದು ನೇರ ಅವಳ ಎದುರಿಗೆ ಬಂತು. ಅವಳು ಅತ್ತ ಸರಿದರೆ ಅತ್ತ, ಇತ್ತ ಸರಿದರೆ ಇತ್ತ.

"ನಿನ್ನ ಗುರ್ತು ಹಿಡಿಯುತ್ತಾ?" ಎಂದ, ನಂಬಿಕೆಯಿಲ್ಲದೆ.

"ಹೂಂ. ಆ ಹಾಲಲ್ಲಿ ಎಷ್ಟೊಂದು ಜನ ಓಡಾಡೋರು. ನಾನು ಒಳಗೆ ಬಂದ್ರೆ ತಿರುಗಿ ನೋಡ್ತಿದ್ದದ್ದು ಇದೊಂದೇ." ಅವಳು ಗಾಜಿನ ಮೇಲಿದ್ದ ಹನಿಯನ್ನು ಸೆರಗಿನಿಂದ ಒರೆಸಿದಳು. "ಮನೆಗೆ ಬಂದ್ರೂ ಅಷ್ಟೇ ಅಲ್ವಾ. ನೀವು ಪೇಪರಿಂದ ತಲೆ ಎತ್ತಲ್ಲ."

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಹವಾ ಹೇಗಿದೆ ಎಂದು ಹೇಳಿದ ಹಾಗೆ ಹೇಳಿ ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ವಾಶರಣ್ಣ ಗಾಜಿನ ಮುಂದೆಯೇ ಉಳಿದ. ತಾನೇನು ಕೆಟ್ಟ ಗಂಡನೇ? ಬೈದಿಲ್ಲ, ಹೊಡೆದಿಲ್ಲ, ಕುಡಿದಿಲ್ಲ. ಅವಳು ದಿನಾ ಬರುತ್ತಿದ್ದಳು, ಬಂದಳೆಂದು ಅವನಿಗೆ ಗೊತ್ತಾಗುತ್ತಿತ್ತು, ಅಷ್ಟು ಸಾಲದೇ? ಸಾಲದು ಎಂದು ಆಮೇಲೆ ತಾನೇ ಅಂದುಕೊಂಡ. ಇಷ್ಟು ವರ್ಷ ಹೊಳೆಯದೇ ಹೋದದ್ದಕ್ಕೆ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಏನು ಮಾಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

ಕೆಲವು ದಿನಕ್ಕೆ ಅವಳಿಗೆ ಒಂದು ದವಾಖಾನೆಯಲ್ಲಿ ನೆಲ ಒರೆಸುವ ಕೆಲಸವೇ ಮತ್ತೆ ಸಿಕ್ಕಿತು. ಮೊದಲ ದಿನ ಸಂಜೆ ಗೇಟಿನ ಸದ್ದಾದಾಗ ವಾಶರಣ್ಣ ಪೇಪರು ಹಿಡಿದು ಕೂತಿದ್ದ. ಮೀನು ಆಗಲೇ ಬಾಗಿಲ ಕಡೆ ತಿರುಗಿತ್ತು. ಅವನು ಗಡಬಡಿಸಿ ಎದ್ದ. ಎದ್ದ ಮೇಲೆ ಏನು ಮಾಡುವುದೆಂದು ತೋಚದೆ ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟ.

ಒಳಗೆ ಬರುತ್ತಿದ್ದವಳು ಅವನನ್ನು ಕಂಡು ಬೆಚ್ಚಿದಳು. "ಯಾಕ್ರೀ? ಮತ್ತೆ ಸೋರ್ತಾ ಇದೆಯಾ?"

"ಇಲ್ಲ ಕಣೆ."

"ಮೀನಿಗೆ ಏನಾದ್ರೂ ಆಯ್ತಾ?"

"ಇಲ್ಲ. ನೀನು ಬಂದ್ಯಲ್ಲ, ಅದಕ್ಕೆ ಎದ್ದೆ."

ಅವಳಿಗೆ ಏನೊಂದೂ ಅರ್ಥವಾಗಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲ ಮೇಲೆ ನಿಂತು ಅವನ ಮುಖವನ್ನೇ ನೋಡಿದಳು.