ಗಟ್ಟಿಮೇಳದ ಕೆಳಗಿನ ಮಾತು

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ಕಂಪ್ಯೂಟರ್ ಹಾಕಿದರೆ, ಅದು ಏದುಸಿರು ಬಿಟ್ಟುಕೊಂಡು ಎಚ್ಚರವಾಗುವಷ್ಟರಲ್ಲಿ ಕೆಳಗಿನ ಹೋಟೆಲಿನಿಂದ ಕಾಫಿ ಬರುತ್ತದೆ. ಆ ಹೊತ್ತಿನಲ್ಲಿ ನಾನು ದಿನಪತ್ರಿಕೆ ಓದುವವನಲ್ಲ. ಎಡಿಟರ್‌ಗಳಿಗೆಂದೇ ಇರುವ ಒಂದು ವೆಬ್‌ಸೈಟ್ ಓದುತ್ತೇನೆ. ಯಾವ ಸಾಫ್ಟ್‌ವೇರಿಗೆ ಏನು ಅಪ್‌ಡೇಟ್ ಬಂತು, ಯಾವ ಬಟನ್ ಎಲ್ಲಿಂದ ಎಲ್ಲಿಗೆ ಹಾರಿತು, ಬಣ್ಣ ತಿದ್ದುವ ಪಾಠ, ಸದ್ದು ತೊಳೆಯುವ ಪಾಠ. ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿಯಲ್ಲಿ ಕೂತು ಮದುವೆ ವಿಡಿಯೋ ಕತ್ತರಿಸುವವನಿಗೆ ಇದೆಲ್ಲ ಯಾಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಯಾಕೆಂದರೆ ಈ ಕೆಲಸವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನನ್ನ ಗುರುಗಳೆಲ್ಲ ಗಡ್ಡ ಬಿಟ್ಟವರು, ಬೆನ್ನ ಹಿಂದೆ ನೇರಳೆ ದೀಪ ಉರಿಸಿಕೊಂಡು ಇಂಗ್ಲಿಷಿನಲ್ಲಿ ಗಡಗಡ ಮಾತಾಡುವವರು. ಅವರನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಮಾತಾಡಿಸಿ ಕಲಿತಿದ್ದೇನೆ.

ಅವರ ಮೇಲೆ ಗೌರವವಿದೆ, ಸಿಟ್ಟೂ ಇದೆ. ಸದ್ದಿನ ಯಾವ ಪಾಠ ತೆಗೆದರೂ ಮೊದಲು ಹೇಳುವುದು, ನಿಮ್ಮ ಸೌಂಡ್ ರೆಕಾರ್ಡಿಸ್ಟನ್ನು ಕೇಳಿ ಅಂತ. ನಮ್ಮ ಕಡೆ ಸೌಂಡ್ ರೆಕಾರ್ಡಿಸ್ಟ್ ಅಂದರೆ ಕ್ಯಾಮೆರಾದ ನೆತ್ತಿಯ ಮೇಲೆ ಕೂತಿರುವ ಹೆಬ್ಬೆರಳುದ್ದದ ಮೈಕು. ಡೋಲಿನವರ ಪಕ್ಕದಲ್ಲೇ ಬೆಳಗಿನಿಂದ ನಿಂತ ಅದನ್ನು ಏನಂತ ಕೇಳುವುದು? ಹೇಗಿದ್ದರೂ ಅದು ಹಿಡಿದ ಸದ್ದನ್ನು ನಾವು ಇಟ್ಟುಕೊಳ್ಳುವುದಿಲ್ಲ. ವಿಡಿಯೋ ಪೂರ್ತಿ ಸಿನಿಮಾ ಹಾಡು ತುಂಬುತ್ತೇವೆ. ತಾಳಿ ಕಟ್ಟುವ ಕಡೆ ಮಾತ್ರ ಹಾಡು ಹಾಕುವಂತಿಲ್ಲ, ಗಟ್ಟಿಮೇಳವೇ ಕೇಳಬೇಕು. ಹಾಡು ಹಾಕಿದರೆ ಹುಡುಗಿಯ ಅಜ್ಜಿ ಅಂಗಡಿವರೆಗೂ ಬಂದು ಮುಖಕ್ಕೆ ಮಂಗಳಾರತಿ ಎತ್ತಿ ಹೋಗುತ್ತಾರೆ.

ಒಬ್ಬ ಹೆಣ್ಣುಮಗಳು ಟಿ. ನರಸೀಪುರದ ಬಸ್ಸಿಳಿದು ಬಂದದ್ದು ಅಂಥದೊಂದು ಕಾಫಿಯ ಹೊತ್ತಿಗೇ. ತವರು ದೇವನೂರು, ಕೊಟ್ಟಿರುವುದು ನರಸೀಪುರದ ಕಡೆ. ಕರ್ಚೀಫಿನ ಗಂಟು ಬಿಚ್ಚಿ ಒಂದು ಪೆನ್‌ಡ್ರೈವ್ ತೆಗೆದಳು. ಅವಳ ಮದುವೆಯ ವಿಡಿಯೋ. ತೆಗೆದಿದ್ದ ಸ್ಟುಡಿಯೋದವರು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದರು. ಉಳಿದಿದ್ದುದು ಇದೊಂದೇ.

"ಅಣ್ಣ, ತಾಳಿ ಕಟ್ಟೋ ತಾವು ನಮ್ಮಪ್ಪ ಬಗ್ಗಿ ನನ್ ಕಿವಿಲಿ ಏನೋ ಅಂದವ್ರೆ. ಆ ಗಲಾಟೇಲಿ ನಂಗ್ ಕೇಳಿಸ್ನಿಲ್ಲ. ಅದೊಂದ್ ಮಾತ್ ತಗದ್ಕೊಡಿ," ಅಂದಳು.

ಅಪ್ಪನನ್ನೇ ಕೇಳಬಹುದಲ್ಲ ಎಂದು ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಆಡಲಿಲ್ಲ. ಅವಳೇ ಹೇಳಿದಳು. "ಕೇಳನ ಕೇಳನ ಅಂದ್ಕಂಡೇ ಇದ್ದೆ. ಓದ್ವರ್ಷ ಓಗ್ಬುಟ್ರು."

ಅಪ್ಪ ತಾಂಡ್ಯದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದವರಂತೆ. ಮಾತು ಬಲು ಕಮ್ಮಿ. "ನಮ್ಮಪ್ಪ ಏನಾರ ಯೋಳ್ಬೇಕು ಅಂದ್ರೆ ಮೊದ್ಲು ಒಂದ್ಸಲ ಗಂಟ್ಲು ಸರಿ ಮಾಡ್ಕಳೋರು. ನಾವು ಏನಪ್ಪಾ ಅನ್ಬೇಕು. ಆಮೇಲೇ ಮಾತು. ಅಂಥೋರು ಅವತ್ತು ಅವರಾಗೇ ಬಗ್ಗಿ ಮಾತಾಡವ್ರೆ ಅಂದ್ರೆ..." ಅಂದಳು. ಅಮ್ಮನನ್ನು ಕೇಳಲಿಲ್ಲವೇ ಅಂದೆ. ಕೇಳಿದ್ದಳಂತೆ. ಸೆರಗು ಸರಿಯಾಗಿ ಹೊದ್ದುಕೋ ಅಂದಿರುತ್ತಾರೆ ಬಿಡು ಎಂದು ಅಮ್ಮ ತಳ್ಳಿಹಾಕಿದ್ದರಂತೆ.

ವಿಡಿಯೋ ಹಾಕಿ ನೋಡಿದೆ. ಸೇಸೆ ಹಿಡಿದ ಜನ, ತಲೆ ತಗ್ಗಿಸಿದ ಮದುವಣಗಿತ್ತಿ, ಅವಳ ಬೆನ್ನ ಹಿಂದೆ ಇಸ್ತ್ರಿಯ ಗೆರೆ ಇನ್ನೂ ಮುರಿಯದ ಬಿಳಿ ಷರಟಿನ ಮನುಷ್ಯ. ಬಗ್ಗಿದರು. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದು ಕೂಗಿದರು. ಡೋಲು, ನಾಗಸ್ವರ ಒಟ್ಟಿಗೆ ಮೈಮೇಲೆ ಬಿದ್ದವು. ಅದರೊಳಗೆ ಆ ಮನುಷ್ಯನ ತುಟಿ ಅಲ್ಲಾಡಿತು. ಆಮೇಲೆ ಅವರು ನೆಟ್ಟಗೆ ನಿಂತು ಅಕ್ಷತೆ ಹಾಕಿದರು.

ಆ ಹೊತ್ತಿನಲ್ಲಿ ಯಾರದೋ ಸೀನು, ಯಾರದೋ ಕೆಟ್ಟ ಮಾತು ಹೆಣ್ಣುಗಂಡಿನ ಕಿವಿಗೆ ಬೀಳದಿರಲಿ ಎಂದು ಹಿರಿಯರು ಮಾಡಿಕೊಂಡ ಏರ್ಪಾಡು ಗಟ್ಟಿಮೇಳ. ಬೇರೆ ಸದ್ದು ಕೇಳಿಸಬಾರದೆಂದೇ ಬಾರಿಸುವ ವಾದ್ಯದ ಕೆಳಗಿನಿಂದ ಒಂದು ಮಾತನ್ನು ಎತ್ತಿಕೊಡಿ ಎಂದು ಅವಳು ಕೇಳುತ್ತಿದ್ದಳು. ಆಗಲ್ಲಮ್ಮ ಎಂದು ಅಲ್ಲೇ ಹೇಳಿ ಕಳಿಸಬೇಕಿತ್ತು. ಆದರೆ ಗದ್ದಲದಿಂದ ಮನುಷ್ಯನ ಧ್ವನಿಯನ್ನು ಬೇರ್ಪಡಿಸುವ ಹೊಸ ಟೂಲ್ ಬಂದಿದೆಯೆಂಬ ಸುದ್ದಿಯನ್ನು ಅದೇ ವಾರ ಓದಿದ್ದೆ. ನೋಡೋಣಮ್ಮ, ಬಿಟ್ಟು ಹೋಗಿ ಅಂದೆ.

ಟೂಲ್ ಇಳಿಸಿಕೊಂಡೆ. ಪಾಠ ನೋಡಿದೆ. ಅದು ಒಂದು ಸದ್ದನ್ನು ಎರಡು ಮಾಡಿ ಕೊಡುತ್ತದೆ, ಧ್ವನಿ ಒಂದು ಕಡೆ, ಕಸ ಒಂದು ಕಡೆ. ಕಂಪ್ಯೂಟರ್ ಗೊರಗೊರ ಅಂದು ಕೆಲಸ ಮುಗಿಸಿತು. ಧ್ವನಿಯ ಫೈಲು ತೆರೆದೆ. ಡೋಲು ಮಾಯ! ಆ ನಿಶ್ಶಬ್ದದೊಳಗಿಂದ ಸ್ಪಷ್ಟವಾಗಿ ಒಂದು ಮಾತು ಬಂತು. "ಅಮ್ಮಾ, ತಲೆ ಎತ್ತಿ, ಇಲ್ಲಿ ನೋಡಿ, ಇಲ್ಲಿ ಇಲ್ಲಿ!"

ಕ್ಯಾಮೆರಾದವನು. ಮೈಕಿಗೆ ಎಲ್ಲರಿಗಿಂತ ಹತ್ತಿರವಿದ್ದವನು ಅವನೇ ತಾನೇ. ಅಪ್ಪ ಮಗಳ ಕಿವಿಯಲ್ಲಿ ಮಾತಾಡುವಾಗಲೂ ಈ ಪುಣ್ಯಾತ್ಮನಿಗೆ ತನ್ನ ಫ್ರೇಮಿನ ಚಿಂತೆ. ಬೈದುಕೊಂಡೆ. ಬೈದು ಮುಗಿಸಿದ ಮೇಲೆ, ನಾನು ಕ್ಯಾಮೆರಾ ಹಿಡಿದಾಗಲೂ ಅದನ್ನೇ ಕೂಗುತ್ತೇನಲ್ಲ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಅವಳು ಮತ್ತೆ ಬಂದಾಗ ಇನ್ನೊಂದು ಟೂಲಿನ ಸುದ್ದಿ ಬಂದಿತ್ತು. ಮುರಿದು ಹೋದ ಮಾತನ್ನು ಅದೇ ಊಹಿಸಿ ಕೂಡಿಸುತ್ತದಂತೆ. ಅವಳ ಎದುರಿಗೇ ಓಡಿಸಿದೆ. ಡೋಲಿನ ಜಾಗದಲ್ಲಿ ಒಂದು ಗಂಭೀರವಾದ ಗಂಡುಧ್ವನಿ ಹುಟ್ಟಿತು. ಯಾವ ಭಾಷೆಯೂ ಅಲ್ಲ, ಆದರೂ ಮಾತಿನ ಹಾಗೇ ಏರಿ ಇಳಿಯಿತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮತ್ತೊಂದು ಸಲ ಹಾಕಿ ಅಂದಳು. ಆಮೇಲೆ ತಲೆ ಆಡಿಸಿದಳು.

"ಇದ್ಯಾರೋ ಬೇರೇರು ಕಣಣ್ಣ."

"ಯಾರೂ ಅಲ್ಲಮ್ಮ, ಮಿಷನ್ನು," ಅಂದೆ. ನಾಚಿಕೆಯಾಯಿತು. ಸತ್ತವರ ಬಾಯಿಗೆ ಇನ್ಯಾರದೋ ನಾಲಿಗೆ ಇಟ್ಟು ತೋರಿಸಿದ ಹಾಗಿತ್ತು. ಆ ಫೈಲನ್ನು ಅವಳೆದುರೇ ಅಳಿಸಿದೆ.

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಾಗಲಿಲ್ಲ. ತಾಂಡವಪುರದ ಕಡೆಯ ಒಂದು ನಾಮಕರಣದ ಕೆಲಸ ಹಾಗೇ ಬಿದ್ದಿತ್ತು, ಅವರು ಫೋನು ಮಾಡಿ ಮಾಡಿ ಸಾಕಾಗಿದ್ದರು, ನಾನು ಸದ್ದಿನ ಪಾಠಗಳನ್ನೇ ನೋಡುತ್ತ ಕೂತಿದ್ದೆ. ಎಲ್ಲ ಗುರುಗಳೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿದ್ದರು. ಮೂಲದಲ್ಲಿ ಇಲ್ಲದ್ದನ್ನು ತರಲಾಗುವುದಿಲ್ಲ, ಮುಂದಿನ ಸಲ ಸರಿಯಾಗಿ ರೆಕಾರ್ಡ್ ಮಾಡಿ. ಮುಂದಿನ ಸಲ! ಯಾರಿಗಯ್ಯಾ ಮುಂದಿನ ಸಲ ಎಂದು ಪರದೆಗೇ ಕೂಗಿದೆ. ಜಗತ್ತಿನ ಎಡಿಟಿಂಗ್ ವಿದ್ಯೆಯೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿತ್ತು, ಒಬ್ಬ ಅಪ್ಪನ ಒಂದು ಮಾತನ್ನು ಎತ್ತಿಕೊಡಲು ನನ್ನ ಕೈಲಿ ಆಗುತ್ತಿರಲಿಲ್ಲ. ಅಂಥ ಅಸಹಾಯಕತೆ ನನಗೆ ಈ ಕೆಲಸದಲ್ಲಿ ಮೊದಲ ಸಲ ಆದದ್ದು.

ಅಂಥದೊಂದು ಪಾಠದ ಕೆಳಗೆ ಯಾರೋ ಒಂದು ಸಾಲು ಬರೆದಿದ್ದರು. ಕಸದ ಫೈಲನ್ನು ಬಿಸಾಕುವ ಮುಂಚೆ ಒಂದು ಸಲ ಕೇಳಿ, ಕೆಮ್ಮು, ಉಸಿರು, ನಗು ಇವನ್ನೆಲ್ಲ ಟೂಲ್ ಕಸ ಅಂತಲೇ ಎಣಿಸುತ್ತದೆ ಎಂದು. ನನಗೆ ಹೊಸದೇನಲ್ಲ. ಮಾತಿನ ನಡುವಿನ ಕೆಮ್ಮು ಕತ್ತರಿಸುವುದೇ ನಾನು ಕಲಿತ ಮೊದಲನೇ ಪಾಠ. ಆದರೂ ಕಸ ತೆರೆದೆ. ಡೋಲಿನ ಅಬ್ಬರದಲ್ಲಿ ಏನೂ ಇರಲಿಲ್ಲ. ಹಿಂದಕ್ಕೆ ಬಂದೆ. ಪುರೋಹಿತರು ಕೂಗುವುದಕ್ಕೆ ಮುಂಚೆ, ಓಲಗದವರು ಉಸಿರೆಳೆದುಕೊಳ್ಳಲು ನಿಂತ ಒಂದು ಚೂರು ಜಾಗದಲ್ಲಿ, ಯಾರೋ ಗಂಟಲು ಸರಿಮಾಡಿಕೊಂಡರು. ಚಿತ್ರದ ಜೊತೆ ಹೊಂದಿಸಿ ನೋಡಿದೆ. ಬಿಳಿ ಷರಟಿನ ಮನುಷ್ಯ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಹೇಳಬೇಕೋ ಬೇಡವೋ ಎಂದು ಎರಡು ಮನಸ್ಸಾಯಿತು. ಮಾತು ಕೇಳಿದವಳಿಗೆ ಕೆಮ್ಮು ಕೊಡುವುದು ಅಂಥ ಘನಕಾರ್ಯವೇನಲ್ಲ. ಮುಚ್ಚಿಟ್ಟುಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ. ಫೋನು ಮಾಡಿದೆ.

ಬಂದಳು. "ಸಿಕ್ತಾ ಅಣ್ಣ?" ಅಂದಳು, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ.

"ಮಾತು ಸಿಗಲಿಲ್ಲಮ್ಮ. ಅದು ಸಿಗೋದೂ ಇಲ್ಲ. ಅದಕ್ಕೆ ಮುಂಚಿನದು ಒಂದು ಚೂರು ಇದೆ. ನೋಡಿ, ಬೇಡ ಅನ್ನಿಸಿದ್ರೆ ಬಿಡಿ," ಅಂದೆ. ಏನು ಕೇಳಿಸುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ.

ಹೆಡ್‌ಫೋನ್ ಕೊಟ್ಟೆ. ಅವಳು ಜಡೆ ಹಿಂದಕ್ಕೆ ಹಾಕಿ, ಅದನ್ನು ಕಿವಿಗೆ ಸರಿಯಾಗಿ ಇಟ್ಟುಕೊಂಡು, ಮದುವೆಯ ದಿನ ಕೂತಿದ್ದ ಹಾಗೇ ತಲೆ ತಗ್ಗಿಸಿ ಕೂತಳು. ನಾನು ಪ್ಲೇ ಒತ್ತಿದೆ. ನನಗೇನೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಸದ್ದಿನ ಗೆರೆ ಹರಿಯುವುದನ್ನು ನೋಡುತ್ತ ನಿಂತೆ. ಓಲಗ ನಿಂತಿತು. ಚಪ್ಪಟೆಯಾದ ಗೆರೆಯಲ್ಲಿ ಒಂದು ಸಣ್ಣ ಗುಬುಟು ಹಾದು ಹೋಯಿತು.

ಅವಳು ಥಟ್ಟನೆ ಹಿಂದಕ್ಕೆ ತಿರುಗಿದಳು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರು ಎಂದು ಗೊತ್ತಾಗುವುದಿಲ್ಲ. ಅಂಗಡಿ ತುಂಬ ಕೇಳುವ ಹಾಗೆ ಕೇಳಿದಳು.

"ಏನಪ್ಪಾ?"

ಅವಳ ಹಿಂದೆ ನನ್ನ ಹಳೆಯ ಟ್ರೈಪಾಡುಗಳು ಗೋಡೆಗೆ ಒರಗಿ ನಿಂತಿದ್ದವು. ಪರದೆಯ ಮೇಲೆ ಡೋಲು ಶುರುವಾಗಿತ್ತು.