ಮೊಳೆ ಹೊಡೆಯದ ಗೋಡೆ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುವುದಿಲ್ಲ. ಹಾಲಿನವಳು ನಕ್ಕು ಮಾತಾಡಿಸಿದರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದುಕೊಳ್ಳುವವಳು ನಾನು. ನಮ್ಮ ಅತ್ತೆಯವರು ಇದನ್ನು ತವರಿನ ಗುಣ ಎನ್ನುತ್ತಿದ್ದರು. ಆದರೆ ಜಮಖಂಡಿಯಲ್ಲಿ ನಮ್ಮ ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಮನೆಯ, ಚಿಕ್ಕಮ್ಮನ ಹಾಗೆಂದು ನಾನು ಮಾವಶಿ ಎನ್ನುತ್ತಿದ್ದ ಕೃಷ್ಣಾಬಾಯಿಯ ಮುಂದೆ ನಾನು ಶುದ್ಧ ಭೋಳೆ ಹೆಂಗಸು. ಅವರು ದೇವರ ಮುಂದೆ ದೀಪ ಹಚ್ಚಿ, ಕೈ ಮುಗಿದು, ಹೊರಗೆ ಬಂದವರು ಮತ್ತೆ ಒಳಗೆ ಹೋಗಿ ಎಣ್ಣೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದರು.

ಅವರ ಸಂಶಯಕ್ಕೆ ಕಾರಣವಿತ್ತು. ಸಂಸ್ಥಾನ ಮುಗಿದು ಮುಂಬಯಿ ಸರಕಾರ ಬಂದ ಮೇಲೆ ಎಲ್ಲರ ಬಾಯಲ್ಲೂ ಕುಳಕಾಯ್ದೆಯದೇ ಮಾತು. ಉಳುವವನಿಗೆ ಹೊಲ ಎನ್ನುವ ಕಾಯ್ದೆ ಅದು. ತುಬಚಿಯ ಕಡೆ ಅವರದೊಂದು ಹೊಲವಿತ್ತು. ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಉಳುತ್ತಿದ್ದವನು ಕಚೇರಿಯಲ್ಲಿ ನಿಂತು, ಬಾವಿ ತೋಡಿದವನು ನಾನು, ನಿಂಬೆಗಿಡ ಹಚ್ಚಿದವನು ನಾನು ಎಂದು ಹೇಳಿದನಂತೆ. ಹೊಲ ಅವನಿಗೆ ಹೋಯಿತು. ಕಾಯ್ದೆಯಲ್ಲಿ ಬೇರೆ ಏನೇನು ಇತ್ತೋ, ಕೃಷ್ಣಾಬಾಯಿಗೆ ಅರ್ಥವಾದದ್ದು ಇಷ್ಟೇ: ನಮ್ಮ ಜಾಗಕ್ಕೆ ಇನ್ನೊಬ್ಬರು ಕೈ ಹಚ್ಚಿ ಚಂದ ಮಾಡಿದರೆ ಆ ಜಾಗ ಅವರದಾಗುತ್ತದೆ. ಹೊಲ ಹೋದ ಕೊರಗಿನಲ್ಲೇ ಗಂಡ ತೀರಿಕೊಂಡರು. ಮಕ್ಕಳಿಲ್ಲ. ಉಳಿದದ್ದು ಇದೊಂದು ಮನೆ. ಅದೂ ಕೈಬಿಟ್ಟರೆ ಮುಧೋಳದಲ್ಲಿದ್ದ ತಮ್ಮ ವಾಸುದೇವನ ಹೆಂಡತಿಯ ಕೈಕೆಳಗೆ ಹೋಗಿ ಬೀಳಬೇಕು. ಆ ಹೆಂಗಸನ್ನು ನಾನು ನೋಡಿದ್ದೇನೆ. ಕೃಷ್ಣಾಬಾಯಿ ಅಂಜಿದ್ದರಲ್ಲಿ ತಪ್ಪಿರಲಿಲ್ಲ.

ಇಂಥ ಮನೆಯ ಮುಂದಿನ ಪಡಸಾಲೆಗೂ ಅದರ ಮಗ್ಗುಲಿನ ಅಡಿಗೆ ಕೋಣೆಗೂ ಬಾಡಿಗೆ ಬಂದವಳು ಅನಸವ್ವ. ಬನಹಟ್ಟಿಯ ನೇಕಾರರ ಮಗಳು, ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಬೆಳೆದವಳು. ಗಂಡ ಜಕ್ಕಪ್ಪ ಬೆಲ್ಲದ ವ್ಯಾಪಾರಿಯೊಬ್ಬರ ಲಾರಿ ಹೊಡೆಯುತ್ತಿದ್ದ. ವ್ಯಾಪಾರ ಎಲ್ಲಿಗೆ ಸರಿದರೆ ಇವರ ಸಂಸಾರವೂ ಅಲ್ಲಿಗೆ. ತೇರದಾಳ, ಲೋಕಾಪುರ, ಮುಧೋಳ ಎಲ್ಲ ಮುಗಿಸಿ ನಮ್ಮೂರಿಗೆ ಬಂದಿದ್ದರು. ಆಗ ಅವಳಿಗೆ ಮೂವತ್ತು ದಾಟಿರಬೇಕು. ಸಣಕಲು ಹೆಂಗಸು, ಬೆರಳು ಮಾತ್ರ ಉದ್ದ. ಮಾತು ಕಡಿಮೆ. ಮಾತು ಕಡಿಮೆ ಇದ್ದವರನ್ನು ಕಂಡರೆ ನನಗೆ ಆಗುವುದಿಲ್ಲ, ಒಳಗೆ ಏನು ಇಟ್ಟುಕೊಂಡಿರುತ್ತಾರೋ ತಿಳಿಯುವುದಿಲ್ಲ.

ಬಂದ ದಿನವೇ ಕೃಷ್ಣಾಬಾಯಿ ಹೊಸ್ತಿಲಲ್ಲಿ ನಿಂತು ಕರಾರು ಹೇಳಿದರು. ನಾನೂ ಅಲ್ಲೇ ಇದ್ದೆ.

"ನನ್ನ ಗ್ವಾಡಿಗೆ ಒಂದು ಮೊಳಿ ಹೊಡೀಬ್ಯಾಡ. ಒಂದು ಬೊಟ್ಟು ಸುಣ್ಣಾ ಹಚ್ಚಬ್ಯಾಡ. ಅಂಗಳದಾಗ ಒಂದು ಕಡ್ಡಿ ಸುದ್ದಾ ಊರಬ್ಯಾಡ."

"ಆತ್ರಿ ಬಾಯಾರ, ನಿಮ್ಮ ಗ್ವಾಡಿ ನಿಮಗ ಇರ್ಲಿ" ಎಂದಳು ಅನಸವ್ವ.

ಯಾವ ಬಾಡಿಗೆಯವರೂ ಇಷ್ಟು ಸಲೀಸಾಗಿ ಒಪ್ಪಿದವರಲ್ಲ. ಹಬ್ಬಕ್ಕಾದರೂ ಸುಣ್ಣ ಬೇಡವೇ, ಅಂಗಿ ಸಿಗಿಸಲು ಮೊಳೆ ಬೇಡವೇ ಎಂದು ಜಗಳಾಡಿ ಕಡೆಗೆ ಬಿಟ್ಟು ಹೋಗುತ್ತಿದ್ದರು. ಇವಳು ಮುಖ ಕೂಡ ಸಣ್ಣದು ಮಾಡಲಿಲ್ಲ. ಕೃಷ್ಣಾಬಾಯಿ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಇದರಲ್ಲಿ ಏನೋ ಇದೆ ಎಂದು ಇಬ್ಬರಿಗೂ ಅನಿಸಿತ್ತು.

ಪಡಸಾಲೆಯ ಅವಸ್ಥೆ ಹೇಳಬೇಕು. ಎಷ್ಟೋ ವರ್ಷದಿಂದ ಸುಣ್ಣ ಕಾಣದೆ ಗೋಡೆ ಹೊಪ್ಪಳೆ ಎದ್ದಿತ್ತು. ಉಣ್ಣಲು ಕೂತರೆ ತಾಟಿನಲ್ಲಿ ಮಣ್ಣು ಉದುರುತ್ತಿತ್ತು. ಹಗಲಲ್ಲೂ ಮಬ್ಬು. ಮಾರನೆಯ ದಿನ ಮಧ್ಯಾಹ್ನ ನಾನು ಒಂದು ನಿದ್ದೆ ಮುಗಿಸಿ ಹೋಗಿ ನೋಡಿದರೆ ಅದು ಆ ಪಡಸಾಲೆಯೇ ಅಲ್ಲ. ಎರಡು ಕಂಬಗಳಿಗೆ ಹಗ್ಗ ಬಿಗಿದು, ಕೆಂಪು ಅಂಚಿನ ಹಳೆಯ ಸೀರೆ ಇಳಿಬಿಟ್ಟು, ಒಂದು ಕೋಣೆಯನ್ನು ಎರಡು ಮಾಡಿದ್ದಳು. ಮಣ್ಣು ಉದುರುವ ಗೋಡೆಯ ಮುಂದೆ ಬಣ್ಣಬಣ್ಣದ ಬಟ್ಟೆಯ ಚೌಕ ಸೇರಿಸಿ ಹೊಲಿದ ಕೌದಿ ತೂಗುತ್ತಿತ್ತು. ಅದರ ಹಗ್ಗ ಮೇಲಿನ ಜಂತಿಗೆ ಸುತ್ತು ಹಾಕಿ ಬಂದಿತ್ತು, ಗೋಡೆಗೆ ಸಂಬಂಧವೇ ಇಲ್ಲ. ಗೋಡೆಯ ಗೂಡಿನಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಂಬಿಗೆ ಇಟ್ಟಿದ್ದಳು. ಬಾಗಿಲಿನ ಬೆಳಕು ಅದಕ್ಕೆ ಬಡಿದು ಒಳಗೆಲ್ಲ ಹಬ್ಬಿತ್ತು. ಬಾಗಿಲಿನ ಚೌಕಟ್ಟಿಗಿಂತ ಕೂದಲೆಳೆಯಷ್ಟೇ ಹೆಚ್ಚು ಉದ್ದಕ್ಕೆ ಬಿದಿರು ಕೊಯ್ದು, ಬಿಗಿಯಾಗಿ ಒತ್ತಿ ಕೂರಿಸಿ, ಅದಕ್ಕೆ ಬಟ್ಟೆಯ ಗಿಳಿಗಳ ತೋರಣ ಕಟ್ಟಿದ್ದಳು. ಸೀರೆಯ ಚಿಂದಿ ಹೊಲಿದು ಒಳಗೆ ಮಗ್ಗದ ತ್ಯಾಜ್ಯ ನೂಲು ತುಂಬಿದ ಗಿಳಿಗಳು. ಒಂದು ಪೈಸೆಯ ವಸ್ತು ಹೊರಗಿನಿಂದ ತಂದಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಸ್ವಂತ ಮನೆಯಲ್ಲಿದ್ದೂ ನಾನು ಇಷ್ಟು ಚಂದ ಮಾಡಿಕೊಂಡಿರಲಿಲ್ಲ.

ಕೃಷ್ಣಾಬಾಯಿಗೆ ದಿಗಿಲಾಯಿತು. ಪರರ ಮನೆಯನ್ನು ಯಾರಾದರೂ ಸುಮ್ಮನೆ ಇಷ್ಟು ಚಂದ ಮಾಡುತ್ತಾರೆಯೇ? ಅಂದಿನಿಂದ ಅವರ ಪಹರೆ ಶುರುವಾಯಿತು. ಸಂಜೆ ದೀಪ ಹಚ್ಚಿದ ಮೇಲೆ ತಮ್ಮ ಮಣೆ ತಾವೇ ಹಿಡಿದುಕೊಂಡು ಬಂದು ಪಡಸಾಲೆಯ ಹೊಸ್ತಿಲ ಬಳಿ ಹಾಕಿಕೊಳ್ಳುವುದು, ಬತ್ತಿ ಹೊಸೆಯುತ್ತ ಅನಸವ್ವನ ಕೈಯನ್ನೇ ನೋಡುವುದು. ಮಡಿ ಹೆಂಗಸು, ಅಲ್ಲಿ ನೀರು ಸಹ ಮುಟ್ಟುತ್ತಿರಲಿಲ್ಲ. ಆದರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಕೌದಿಯ ಅಂಚು ಎತ್ತಿ ಹಿಂದೆ ಇಣುಕುವರು. ಬಿದಿರಿನ ತುದಿ ಚೌಕಟ್ಟಿನಲ್ಲಿ ಗುರುತು ಬಿಟ್ಟಿದೆಯೇ ಎಂದು ಬೆರಳಾಡಿಸುವರು.

ಒಂದು ಶುಕ್ರವಾರ ಅನಸವ್ವ ನೆಲ ಸಾರಿಸಿ ಗೋಡೆಯ ಉದ್ದಕ್ಕೂ ಕೆಮ್ಮಣ್ಣಿನ ಅಂಚು ಎಳೆದಳು. ಕೃಷ್ಣಾಬಾಯಿ ನಮ್ಮ ಮನೆಗೆ ಓಡಿಬಂದರು. ಇವತ್ತು ಕೆಮ್ಮಣ್ಣು ಎಳೆದವಳು ನಾಳೆ ಬಾಂದಗಲ್ಲು ನೆಡುತ್ತಾಳೆ, ತನ್ನ ಪಾಲಿಗೆ ಗಡಿ ಹಾಕಿಕೊಳ್ಳುತ್ತಿದ್ದಾಳೆ ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅದು ಕಿವಿಗೆ ಬಿದ್ದದ್ದೇ ಅನಸವ್ವ ಮತ್ತೊಂದು ಸಲ ಸಗಣಿ ಸಾರಿಸಿ ಅಂಚನ್ನು ಅಳಿಸಿಬಿಟ್ಟಳು. ಆಮೇಲೆ ಎಣ್ಣೆಯ ಖಾಲಿ ಡಬ್ಬಿಯಲ್ಲಿ ಚೆಂಡುಹೂವಿನ ಸಸಿ ಹಚ್ಚಿದಳು. ಗಿಡ ಎಂದ ಕೂಡಲೆ ಮಾವಶಿಗೆ ತುಬಚಿಯ ನಿಂಬೆಗಿಡ ನೆನಪಾಯಿತು. ಅನಸವ್ವ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ತೋರಿಸಿದಳು. "ಇದರ ಬೇರು ನಿಮ್ಮ ನೆಲಾ ಮುಟ್ಟಿಲ್ಲರಿ ಬಾಯಾರ" ಎಂದಳು.

ಹೀಗೆ ನೋಡುತ್ತ ನೋಡುತ್ತ ತಿಂಗಳುಗಳು ಕಳೆದವು. ಒಂದು ಸಂಗತಿ ನನಗೆ ವಿಚಿತ್ರವಾಗಿ ಕಂಡಿತು. ಪಹರೆಗೆ ಕೂತ ಕೃಷ್ಣಾಬಾಯಿ ಬಾಯಿ ಹಾಕತೊಡಗಿದ್ದರು. ಆ ಸೀರೆ ಇತ್ತ ಸರಿಸು, ಗಾಳಿ ಬರುತ್ತದೆ ಎನ್ನುವರು. ತೋರಣದಲ್ಲಿ ಹೊಸದಾಗಿ ಹೊಲಿದ ಒಂದು ಗಿಳಿಯ ಕೊಕ್ಕು ಸೊಟ್ಟಗಿತ್ತು. ಅದು ಗಿಳಿಯಲ್ಲ, ಕಾಗೆ ಎಂದು ಹಂಗಿಸಿದರು. ಅನಸವ್ವ ಕೊಕ್ಕಿಗೆ ಕೆಂಪು ನೂಲು ಸುತ್ತಿ ಅವರ ಮುಂದೆ ಹಿಡಿದಳು. ಈಗಲೂ ಕಾಗೆಯೇ ಎಂದರು, ಆದರೆ ನಕ್ಕರು. ಗಂಡ ಹೋದ ಮೇಲೆ ಆ ಹೆಂಗಸು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ನಗಿಸಿ ನಗಿಸಿಯೇ ಕೈಗೆ ಹಾಕಿಕೊಳ್ಳುವವರು ಇರುತ್ತಾರಲ್ಲ ಎಂದುಕೊಂಡೆ.

ಅಷ್ಟರಲ್ಲಿ ಮುಧೋಳದಿಂದ ವಾಸುದೇವ ಬಂದ. ವಕೀಲರೊಬ್ಬರ ಹತ್ತಿರ ಕಾರಕೂನ. ವಕೀಲರಿಗಿಂತ ಹೆಚ್ಚು ಕಾಯ್ದೆ ಅವನಿಗೇ ಗೊತ್ತು ಎನ್ನುವ ನಡಿಗೆ. ಪಡಸಾಲೆಯಲ್ಲಿ ಒಂದು ಸುತ್ತು ಹಾಕಿ ಅಕ್ಕನನ್ನು ಒಳಗೆ ಕರೆದು, ಇದು ಪೂರ್ವತಯಾರಿ, ನಾಳೆ ಈ ಹೆಂಗಸು ನಾಲ್ಕು ಜನರನ್ನು ತಂದು ಮನೆ ಸುಧಾರಿಸಿದವಳು ನಾನೇ ಎಂದು ಸಾಕ್ಷಿ ಹೇಳಿಸುತ್ತಾಳೆ ಎಂದ. ಮನೆಗೆ ಆ ಕಾಯ್ದೆ ಹತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಅಕ್ಕ ಹೆದರಿ ಮನೆಯನ್ನು ತನ್ನ ಹೆಸರಿಗೆ ಮಾಡಲಿ ಎಂಬ ಆಸೆ ಅವನಿಗಿತ್ತು ಎಂಬುದು ನನ್ನ ಸಂಶಯ. ಇವತ್ತಿಗೂ ಅದು ಹೋಗಿಲ್ಲ.

ಮರುದಿನ ಬೆಳಿಗ್ಗೆ ಕೃಷ್ಣಾಬಾಯಿ ಪೂಜೆಗೆ ಕೂತಿದ್ದಾಗ ಪಡಸಾಲೆಯಿಂದ ಟಕ್ ಟಕ್ ಎಂದು ಸದ್ದು ಬಂತು. ಕಬ್ಬಿಣದ ಮೇಲೆ ಕಲ್ಲು ಬಡಿಯುವ ಸದ್ದು, ನಮ್ಮ ಮನೆಗೂ ಕೇಳಿತು. ಅವರು ಗಂಟೆ ಕೆಳಗಿಟ್ಟು ಒದ್ದೆ ಸೀರೆಯಲ್ಲೇ ಎದ್ದು ಬಂದರು. ವಾಸುದೇವ ಬಂದ, ಕೂಗಿದ್ದಕ್ಕೆ ನಾನೂ ಹೋದೆ. ಅನಸವ್ವ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಕಲ್ಲು, ಒಂದು ಕೈಯಲ್ಲಿ ಉದ್ದನೆಯ ಮೊಳೆ.

ಡಬ್ಬಿಯಲ್ಲಿ ನೀರು ನಿಂತು ಸಸಿ ಕೊಳೆಯುತ್ತಿದೆ, ತಳಕ್ಕೆ ತೂತು ಮಾಡುತ್ತಿದ್ದೆ ಎಂದು ಡಬ್ಬಿ ತಿರುಗಿಸಿ ತೋರಿಸಿದಳು. ತೂತುಗಳಿಂದ ನೀರು ಸೋರುತ್ತಿತ್ತು. ವಾಸುದೇವ ಅದನ್ನು ನೋಡಲೇ ಇಲ್ಲ, ಡಬ್ಬಿ ಬರೀ ನೆವ ಎಂದ. ಕೃಷ್ಣಾಬಾಯಿಯ ಕಣ್ಣು ಮೊಳೆಯ ಮೇಲೆಯೇ ನೆಟ್ಟಿತ್ತು.

"ಎಲ್ಲಾ ಇಳಸು" ಎಂದರು. "ನನ್ನ ಗ್ವಾಡಿ ನನಗ ಕಾಣಬೇಕು."

ಅನಸವ್ವ ಕಲ್ಲು ಕೆಳಗಿಟ್ಟಳು. ಹಗ್ಗದ ಗಂಟು ಎಳೆದಳು, ಸೀರೆ ಬಿತ್ತು. ಜಂತಿಯ ಸುತ್ತು ಬಿಚ್ಚಿದಳು, ಕೌದಿ ಇಳಿಯಿತು. ಬಿದಿರನ್ನು ಅಂಗೈಯಿಂದ ಒತ್ತಿ ಜರುಗಿಸಿದಳು, ಗಿಳಿಗಳೆಲ್ಲ ಅವಳ ಮಡಿಲಿಗೆ ಬಂದವು. ಅನ್ನ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ವಾಸುದೇವ ಗೋಡೆಯ ಮೇಲೆಲ್ಲ ಅಂಗೈ ಆಡಿಸಿದ. ಕೈಗೆ ಮಣ್ಣು ಹತ್ತಿತೇ ಹೊರತು ಒಂದು ತೂತು ಸಿಗಲಿಲ್ಲ. ಅದೇ ಹೊಪ್ಪಳೆ ಎದ್ದ ಗೋಡೆ, ಅದೇ ಮಬ್ಬು. ಅಲ್ಲಿ ಯಾರಾದರೂ ಬಾಳಿದ್ದರು ಎನ್ನುವ ಗುರುತೇ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಕೃಷ್ಣಾಬಾಯಿ, ಆತು, ಮತ್ತ ಕಟ್ಟಿಕೋ ಎಂದರು, ಏನೂ ಆಗಿಲ್ಲ ಎನ್ನುವ ಹಾಗೆ. ಅನಸವ್ವ ಕೌದಿ ಮಡಚುತ್ತಿದ್ದಳು. ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಲೋಕಾಪುರದಾಗ ನಾ ಕೈಯಾರೆ ಗ್ವಾಡಿ ಮೆತ್ತಿದ್ದೆರಿ, ಸುಣ್ಣಾ ಹಚ್ಚಿದ್ದೆ. ಮನಿ ಛಲೋ ಆತು ಅಂತ ಮಾಲಕ ನಮ್ಮನ್ನ ಹೊರಗ ಹಾಕಿ ಅಳಿಯಗ ಕೊಟ್ಟ. ಅವತ್ತಿಂದ ಪರರ ಗ್ವಾಡಿಗೆ ನಾ ಏನೂ ಕೊಡಂಗಿಲ್ಲ. ಬಿಚ್ಚಿ ಒಯ್ಯಾಕ ಬರೂದನ್ನ ಅಷ್ಟ ಕಟ್ಟತೇನಿ. ನೀವು ನನ್ನ ನಂಬಲಿಲ್ಲ. ನಾನೂ ನಿಮ್ಮನ್ನ ನಂಬಿದ್ದಿಲ್ಲರಿ ಬಾಯಾರ."

ಮಡಚಿದ ಕೌದಿಯ ಮೇಲೆ ಗಿಳಿಗಳನ್ನು ಇಟ್ಟು, "ಸಂಜಿ ಮುಂದ ನೀವು ಬಂದು ಕುಂದರ್ತಿದ್ರಿ. ಆವಾಗ ಒಂದಿಷ್ಟು ನಂಬಾಕ ಹತ್ತಿದ್ದೆ" ಎಂದಳು.

ಜಕ್ಕಪ್ಪನ ಲಾರಿ ಬಂದ ದಿನ ಅವರು ಬನಹಟ್ಟಿಗೆ ಹೊರಟರು. ಕೌದಿ, ಸೀರೆ, ಗಿಳಿಗಳು, ತಂಬಿಗೆ ಎಲ್ಲ ಒಂದೇ ಗಂಟಿನಲ್ಲಿ ಕೂತವು. ಬಿದಿರನ್ನು ಜಕ್ಕಪ್ಪ ಹೆಗಲಿಗಿಟ್ಟುಕೊಂಡ. ಚೆಂಡುಹೂವಿನ ಡಬ್ಬಿಯನ್ನು ಅನಸವ್ವ ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ಕೂತಳು. ಕೃಷ್ಣಾಬಾಯಿ ಕೀಲಿಕೈ ಇಸಿದುಕೊಂಡು ಒಳಗೆ ಹೋದರು, ಲಾರಿ ಬೀದಿ ದಾಟುವವರೆಗೂ ಹೊರಗೆ ಬರಲಿಲ್ಲ.

ಆಮೇಲೆ ಪಡಸಾಲೆ ಕೇಳಿಕೊಂಡು ಹಲವರು ಬಂದರು. ಸಾಲಿಯ ಮಾಸ್ತರರೊಬ್ಬರು ಬಂದರು, ಅವರ ಕೆಮ್ಮು ಸರಿಯಿಲ್ಲ ಎಂದರು ಮಾವಶಿ. ಅಂಚೆಯವರೊಬ್ಬರು ಬಂದರು, ಅವರ ಹೆಂಡತಿಯ ಕಣ್ಣು ಗೋಡೆಯ ಮೇಲೇ ಇತ್ತಂತೆ. ವಾಸುದೇವ ಮತ್ತೊಮ್ಮೆ ಬಂದಾಗ ಅವನಿಗೆ ಊಟ ಹಾಕಿ, ಮನೆಯ ಮಾತು ತೆಗೆಯುವ ಮೊದಲೇ ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿ ಕಳಿಸಿದರು. ಮನೆ ಅವರ ಕೈಯಲ್ಲೇ ಉಳಿಯಿತು, ಗೋಡೆ ಸಮೇತ.

ದೀಪಾವಳಿಯ ಮುಂಚೆ ಒಂದು ಸಂಜೆ ಅವಲಕ್ಕಿ ಕೊಡಲು ಹೋದೆ. ಒಳಮನೆಯಲ್ಲಿ ಅವರಿರಲಿಲ್ಲ. ಖಾಲಿ ಪಡಸಾಲೆಯಲ್ಲಿ ಹೊಸ್ತಿಲ ಬಳಿ ಅದೇ ಮಣೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಅವರ ಎದುರಿನ ಗೋಡೆಯ ನಡುವೆ ಒಂದು ಮೊಳೆ ಇತ್ತು. ಸುತ್ತ ಮಣ್ಣು ಉದುರಿತ್ತು, ಹೊಡೆದ ಕೈಗೆ ರೂಢಿ ಇಲ್ಲದ್ದು ಕಾಣುತ್ತಿತ್ತು. ಮೊಳೆಗೆ ಆ ಸೊಟ್ಟ ಕೊಕ್ಕಿನ ಗಿಳಿ ತೂಗುತ್ತಿತ್ತು. ಯಾರು ಹೊಡೆದದ್ದು ಎಂದು ಕೇಳಿದೆ.

"ನಾನ ಹೊಡದೆ. ಗ್ವಾಡಿ ನಂದು, ಯಾರ್ನ ಕೇಳಬೇಕು?" ಎಂದರು. ಗಿಳಿ ಗೋಡೆಯ ಗೂಡಿನಲ್ಲಿ ಸಿಕ್ಕಿತಂತೆ. ಅವಳು ಮರೆತು ಹೋಗಿರಬೇಕು ಎಂದೆ.

"ಆಕಿ ಮರೀತಾಳ? ಹಗ್ಗದ ತುಣುಕ ಸುದ್ದಾ ಬಿಟ್ಟು ಹೋಗಿಲ್ಲ. ಬೇಕಂತನ ಇಟ್ಟು ಹೋಗ್ಯಾಳ. ಒಂದಿನ ಇದರ ನೆವಾ ಮಾಡಕೊಂಡು ಬರ್ತಾಳ, ನೋಡ್ತಿರು."

ಬಂದರೆ ಕೊಟ್ಟುಬಿಡುತ್ತೀರಾ ಎಂದು ಕೇಳಿದೆ. ಅವರು ಬತ್ತಿ ಪಕ್ಕಕ್ಕಿಟ್ಟು, ಮಣೆಯನ್ನು ಬೀದಿ ಕಾಣುವ ಹಾಗೆ ಸ್ವಲ್ಪ ತಿರುಗಿಸಿಕೊಂಡರು.

"ಕೊಡೂದು ಬಿಡೂದು ಆಮ್ಯಾಲಿನ ಮಾತು" ಎಂದರು. "ಮದಲ ಬರಲಿ."